ಮಂಗಳವಾರ ಬರುವ ಲತಾ

ಹರಿಹರ
೧೬-೬-೨೦೨೫

ಅಕ್ಕನಿಗೆ,

ಹದಿನಾಲ್ಕು ಕಿಲೋಮೀಟರ್ ದೂರದಲ್ಲಿರುವ ತಂಗಿ ಕಾಗದ ಬರೆದಿದ್ದಾಳೆ ಅಂತ ಗಾಬರಿಯಾಗಬೇಡ. ಆಗಿಯೇ ಆಗುತ್ತೀಯ, ಗೊತ್ತು. ಒಂದು ವಾರದಿಂದ ನನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ ಅಂತ ನೀನು ಅಂಜನ್‌ಗೆ ಫೋನ್ ಮಾಡಿ ಬೈದೆಯಂತೆ. ಪಾಪ, ನಮ್ಮ ಯಜಮಾನರ ತಪ್ಪೇನಿಲ್ಲ. ನಾನೇ ಅದನ್ನು ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೇನೆ. ಕಾರಣ ಹೇಳುತ್ತೇನೆ, ನಗಬೇಡ.

ಹೋದ ಸೋಮವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ ಮೂರು ಗಂಟೆ. ಎಂಟನೇ ಕ್ಲಾಸಿನ ಮಕ್ಕಳು ಆಟಕ್ಕೆ ಹೋಗಿದ್ದರು. ನಾನು ಖಾಲಿ ಕೋಣೆಯಲ್ಲಿ ಕೂತು ಕನ್ನಡ ಟೆಸ್ಟಿನ ಪೇಪರ್ ತಿದ್ದುತ್ತಿದ್ದೆ. ಯಾರೋ "ಲತಾ" ಅಂದರು. ತಿರುಗಿ ನೋಡಿದರೆ ಯಾರೂ ಇಲ್ಲ. ಮತ್ತೆ, "ಲತಾ, ಬಾರೇ." ಎದ್ದು ಬಾಗಿಲವರೆಗೆ ಹೋದದ್ದು ನೆನಪಿದೆ. ಅಷ್ಟೇ. ಆಮೇಲೆ ಎಚ್ಚರವಾದಾಗ ನಾನು ತುಂಗಭದ್ರೆಯ ಸೇತುವೆ ಮೇಲೆ ಕಂಬಿ ಹಿಡಿದು ನಿಂತಿದ್ದೆ. ಕೈಯಲ್ಲಿ ಕೆಂಪು ಪೆನ್ನು, ಕಾಲಲ್ಲಿ ಚಪ್ಪಲಿ ಇಲ್ಲ. ಲಾರಿಯವನೊಬ್ಬ ನಿಲ್ಲಿಸಿ, "ಯಾಕ್ರಿ ಮೇಡಂ, ಹುಷಾರಿಲ್ಲೇನ್ರಿ?" ಅಂದ. "ಪೇಪರ್ ತಿದ್ದುತ್ತಿದ್ದೇನೆ" ಅಂದೆ. ಅವನು ನನ್ನ ಮುಖ ನೋಡಿ ಗಾಡಿ ಬಿಟ್ಟುಕೊಂಡು ಹೋದ.

ಆ ದಿನದಿಂದ ಶಾಲೆಗೆ ಹೋಗಿಲ್ಲ. ಹೊಸ್ತಿಲು ದಾಟಿಲ್ಲ. ದಿನಾ ಮೂರು ಗಂಟೆಗೆ ನಮ್ಮ ಬಚ್ಚಲಿನ ನೀರು ಹೋಗುವ ತೂತಿನಿಂದ ಅದೇ ದನಿ ಬರುತ್ತದೆ. ಫೋನ್ ಎತ್ತಿದರೆ ಅದರಲ್ಲೂ ಅದೇ ಇತ್ತು, ಅದಕ್ಕೇ ಆಫ್ ಮಾಡಿದೆ.

ಕಡರನಾಯಕನಹಳ್ಳಿ ಕಡೆ ದೇವರು ಕೇಳಿಸೋಣ ಅನ್ನುತ್ತಾರೆ ಅಂಜನ್. ನನಗೆ ದೇವರ ಹೇಳಿಕೆ ಬೇಡ ಅಕ್ಕ. ಕೂತು ನನ್ನ ಮಾತು ಕೇಳುವವರು ಬೇಕು. ಕೌನ್ಸೆಲರ್ ಅಂತಾರಲ್ಲ, ಅಂಥವರು ದಾವಣಗೆರೆಯಲ್ಲಿ ಯಾರಿದ್ದಾರೆ ವಿಚಾರಿಸು. ಹರಿಹರದಲ್ಲಿ ಬೇಡ. ಇಲ್ಲಿ ಅರ್ಧ ಊರು ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ. ಲತಾ ಮೇಡಂಗೆ ತಲೆ ಕೆಟ್ಟಿದೆ ಅಂತ ಸಂಜೆಯೊಳಗೆ ಡಂಗುರ ಹೊಡೆದಾಗಿರುತ್ತದೆ.

ನಿನ್ನ ರೊಟ್ಟಿಯನ್ನು ಇಲ್ಲಿನ ಖಾನಾವಳಿಗೆ ತರುವ ಜಾಫರಣ್ಣ ದಿನಾ ನಮ್ಮ ಬೀದಿಯಲ್ಲೇ ಹೋಗುತ್ತಾರೆ. ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನೀನೂ ರೊಟ್ಟಿ ಗಂಟಿನಲ್ಲಿ ಕಾಗದ ಇಟ್ಟು ಕಳಿಸು. ಆದರೆ ಬರಬೇಡ. ಯಾರು ಬಂದರೂ ಸರಿ, ನೀನು ಮಾತ್ರ ಬರಬೇಡ.

ನಿನ್ನ
ಲತಾ


ವಿನೋಬನಗರ, ದಾವಣಗೆರೆ
೧೮-೬-೨೦೨೫

ಲತಾ,

ಏನೇ ಹುಡುಗಿ, ಮೂರು ವರ್ಷದ ಕೂಸಿದ್ದಾಗಿಂದ ಸೊಂಟದ ಮ್ಯಾಲೆ ಹೊತ್ಕಂಡು ತಿರುಗಿದೋಳಿಗೆ "ನೀನು ಮಾತ್ರ ಬರಬ್ಯಾಡ" ಅಂತ ಬರೀತೀಯಲ್ಲ, ನಿನ್ನ ಕೈಗೆ ಏನು ಬಂದೈತೆ? ನಾಚ್ಕೆ ಏನು? ನಿನ್ನ ಮೂಗು ಒರೆಸಿದೋಳ ಮುಂದೆ ಎಂಥ ನಾಚ್ಕೆ! ಕಾಗದ ಓದ್ತಾ ಹಂಚಿನ ಮೇಲಿದ್ದ ರೊಟ್ಟಿ ಮರ್ತೆ, ಸುಟ್ಟು ಕರಕಲಾತು. ಸಿಟ್ಟು ಬಂದೈತೆ ನಂಗೆ. ಆದ್ರೂ ಬ್ಯಾಡ ಅಂದ್ಮೇಲೆ ಬರಲ್ಲ, ಹಠ ನಂಗೂ ಐತೆ.

ನಾನು ಏಳನೇತ್ತು ಓದಿದೋಳು. ಅಕ್ಷರ ತಪ್ಪಿದ್ರೆ ಆ ಕೆಂಪು ಪೆನ್ನು ತಗೀಬ್ಯಾಡ.

ಆ ದನಿ ಅವ್ವಂದೇ. ಬೇರೆ ಯಾರ್ದೂ ಅಲ್ಲ. ಅವ್ವ ಹೋದಾಗ ನಿಂಗೆ ಮೂರು, ನಂಗೆ ಹದಿನೆಂಟು. "ಲತಾನ್ನ ನೋಡ್ಕಳೇ" ಅಂತ ನನ್ನ ಕೈ ಹಿಡಿದೇ ಜೀವ ಬಿಟ್ಲು. ಹೆತ್ತ ಕರುಳು, ಬಂದು ವಿಚಾರಿಸ್ತೈತೆ. ಅದಕ್ಕೆ ಹೆದರ್ತಾರೇನು? ಆದ್ರೆ ತಾಯಿ ಮಕ್ಳನ್ನ ಹೊಳೆ ತನಕ ಯಾಕ ಕರೀತಾಳೆ, ಅದು ಮಾತ್ರ ನಂಗೆ ತಿಳೀವಲ್ದು.

ಹುಡುಕ್ತೀನಿ ಬಿಡು. ನಿಮ್ಮ ಭಾವ ಜಂಬಯ್ಯ ಹೋಗಿ ನಾಲ್ಕು ವರ್ಷ ಆತು, ನಂದೇನು, ಮಧ್ಯಾಹ್ನ ಎರಡಕ್ಕೆ ರೊಟ್ಟಿ ಬಡಿಯೋದು ಮುಗಿದ್ರೆ ಕೇಳೋರಿಲ್ಲ. ಕಾಲು ಅದಾವೆ, ತಿರುಗ್ತೀನಿ. ನನ್ನ ಚಿಂತೆ ಬ್ಯಾಡ, ನಾನು ಗಟ್ಟಿ ಅದೀನಿ. ನೀನು ಊಟ ಬಿಡಬ್ಯಾಡ.

ಅಕ್ಕ


ವಿನೋಬನಗರ
೨೭-೬-೨೦೨೫

ಲತಾ,

ಒಂಬತ್ತು ದಿನ ತಿರುಗಿದೆ ತಾಯಿ, ಚಪ್ಪಲಿ ಉಂಗುಷ್ಟ ಎರಡು ಸಲ ಹೊಲಿಸಿದೆ. ಒಂದು ದೊಡ್ಡ ಆಸ್ಪತ್ರೆಗೆ ಹೋದ್ರೆ ಕೌಂಟರ್ ಹುಡುಗಿ, "ಪೇಷೆಂಟ್ ಕಿರುಚ್ತಾರಾ? ಹೊಡೀತಾರಾ?" ಅಂದ್ಲು. "ಇಲ್ಲವ್ವಾ, ಪೇಪರ್ ತಿದ್ತಾಳೆ" ಅಂದೆ. ಒಂದು ಕಡೆ ಕೌನ್ಸೆಲಿಂಗ್ ಅಂತ ಗೋಡೆಯಷ್ಟು ದೊಡ್ಡ ಬೋರ್ಡ್. ಮೆಟ್ಲು ಹತ್ತಿ ಏದುಸಿರು ಬಿಡ್ತಾ ನಿಂತ್ರೆ, "ಎಷ್ಟನೇ ರ್‍ಯಾಂಕ್ ರೀ ನಿಮ್ಮ ಮಗಂದು?" ಅಂದ. ಇಂಜಿನಿಯರಿಂಗ್ ಸೀಟು ಕೊಡ್ಸೋ ಅಂಗಡಿ ಅಂತೆ. ಪಕ್ಕದ ಮನೆ ಅಂಜಿನವ್ವ, "ಒಂದು ನಿಂಬೆಹಣ್ಣು ಇಳಿ ತೆಗೆದು ಮೂರು ದಾರಿ ಕೂಡೋ ಕಡೆ ಒಗಿ, ಎಲ್ಲ ಸರಿ ಹೋಗ್ತೈತೆ" ಅಂತಾಳೆ.

ಕೊನೇಗೆ ನಮ್ಮ ಜಾಫರೇ ಹೇಳಿದ. ಬಾಣಂತನದಾಗೆ ಸುಮ್ಮಸುಮ್ಮನೆ ಅಳ್ತಿದ್ದ ಸೊಸೇನ ಕರ್ಕಂಡು ಹೋಗಿದ್ದನಂತೆ. ಎಲ್ಲಿ ಗೊತ್ತೇನು? ನಮ್ಮನೆ ಹಿಂದಿನ ಮೂರನೇ ಓಣಿ, ಟೈಲರ್ ಅಂಗಡಿ ಮೇಲೆ! ಕಂಕುಳಲ್ಲಿ ಕೂಸು ಇಟ್ಕಂಡು ಊರೆಲ್ಲ ಹುಡುಕಿದೆ ನೋಡು.

ಸನೋಬರ್ ಮೇಡಂ ಅಂತ. ನಿನ್ನ ವಾರಗೆಯೋರು. ಬಾಗಿಲಾಗೆ ನಿಂತು ನೋಡಿ ಬಂದೆ. ಎರಡು ಕುರ್ಚಿ, ಒಂದು ಪರದೆ, ಒಂದು ಗಡಿಯಾರ. ಗೋಡೆ ಮೇಲೆ ಒಂದು ಪಟ ಇಲ್ಲ, ಕ್ಯಾಲೆಂಡರ್ ಇಲ್ಲ. ಬೋಳು ಗೋಡೆ ನೋಡಿ ನಂಗೆ ಯಾಕೋ ಮೈ ಜುಂ ಅಂತು. ಅಲ್ಲಿ ಕುಂತ್ರೆ ಕಣ್ಣಿಗೆ ತಪ್ಪಿಸ್ಕಳ್ಳಾಕೆ ಜಾಗನೇ ಇಲ್ಲ.

ಮಂಗಳವಾರ ಮೂರು ಗಂಟೆಗೆ ಖಾಲಿ ಐತಂತೆ. ಅಂಜನ್ ಕುಮಾರ್ ಜತೆ ಬಾ. ನಾನು ಬೇಕಾದ್ರೆ ಮನೇಲೇ ಇರ್ತೀನಿ, ಮುಖ ತೋರ್ಸಲ್ಲ.

ಅಕ್ಕ


ಹರಿಹರ
೩-೭-೨೦೨೫

ಅಕ್ಕನಿಗೆ,

ಬರಲಾಗಲಿಲ್ಲ. ಮಂಗಳವಾರ ಅಂಜನ್ ರಜೆ ಹಾಕಿದ್ದರು. ನೀಲಿ ಸೀರೆ ಉಟ್ಟೆ, ತಲೆ ಬಾಚಿದೆ. ಅವರು ಸ್ಕೂಟರ್ ಚಾಲೂ ಮಾಡಿ ನಿಂತರು. ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟೆ. ಬಚ್ಚಲ ನೀರು ಹೊರಗಿನ ಚರಂಡಿಗೆ ಬೀಳುವ ಜಾಗ ಇದೆಯಲ್ಲ, ಅಲ್ಲಿಂದ ಕೇಳಿತು.

"ಬಂದ್ಯೇನೇ?"

ಬೆದರಿಕೆಯ ದನಿಯಲ್ಲ ಅಕ್ಕ. ಬಹಳ ಹೊತ್ತು ಕಾದವರಿಗೆ ಸಮಾಧಾನವಾದಾಗ ಬರುವಂಥ ದನಿ. ಅದಕ್ಕೇ ನಾನು ಅಲ್ಲೇ ಕುಸಿದೆ. ಅಂಜನ್‌ಗೆ ಏನೂ ಕೇಳಿಸಿಲ್ಲ. ಎತ್ತಿ ಒಳಗೆ ತಂದು ಮಲಗಿಸಿದರು. ಸ್ಕೂಟರ್ ಹೊರಗೆ ಅರ್ಧ ಗಂಟೆ ಹಾಗೇ ಚಾಲೂ ಇತ್ತು, ಯಾರಿಗೂ ಅದರ ನೆನಪಿಲ್ಲ.

ನಾನು ಈ ಮನೆ ಬಿಟ್ಟು ಬರಲಾರೆ. ಮತ್ತೆ ಹೊರಗೆ ಹೋದರೆ ಸೇತುವೆವರೆಗೂ ಹೋಗುತ್ತೇನೆ. ಅದು ನನಗೆ ಗೊತ್ತು.

ಲತಾ


ವಿನೋಬನಗರ
೪-೭-೨೦೨೫

ಲತಾ,

ಅಳಬ್ಯಾಡ. ನಂಗೊಂದು ದಾರಿ ಹೊಳೆದೈತೆ.

ಮನುಷ್ಯ ಎದ್ದು ಬರಾಕೆ ಆಗ್ದಿದ್ರೆ ದೇವ್ರು ಕೇಳೋ ಕಡೆ ಏನು ಮಾಡ್ತೀವಿ? ಅವರು ಉಟ್ಟು ಬಿಟ್ಟ ಬಟ್ಟೆ ಒಯ್ದು ಮುಂದಿಡ್ತೀವಿ. ನೀನು ಸಣ್ಣೋಳಿದ್ದಾಗ ನಿಂಗೆ ದಡಾರ ಆದಾಗ ನಿನ್ನ ಲಂಗ ತಗಂಡು ನಂದಿಗುಡಿ ತನಕ ನಾನೇ ನಡೆದಿದ್ದೆ. ದೇವ್ರಿಗೆ ನಡಿಯೋದು ಮೇಡಂಗೆ ನಡಿಯಲ್ವಾ? ಆ ನೀಲಿ ಸೀರೆ ಜಾಫರ್ ಕೈಲಿ ಕಳ್ಸು. ಒಗೀಬ್ಯಾಡ, ನಿನ್ನ ಬೆವರು ಹಂಗೇ ಇರ್ಲಿ.

ನಿನ್ನ ಬದ್ಲಿ ನಾನು ಹೋಗಿ ಕೇಳ್ಕಂಡು ಬರ್ತೀನಿ.

ಅಕ್ಕ


ವಿನೋಬನಗರ
೯-೭-೨೦೨೫

ಲತಾ,

ಹೋಗಿ ಬಂದೆ. ಮೇಡಂ ಬಟ್ಟೆ ಕಡೆ ನೋಡ್ಲೇ ಇಲ್ಲ, ಎಲ್ಲ ಬಾಯಿ ಮಾತೇ. ಸೀರೆ ಚೀಲದಾಗೇ ತೊಡೆ ಮೇಲೆ ಇಟ್ಕಂಡು ಕುಂತಿದ್ದೆ. ಅವರು ಕೇಳಿದ್ದು ಬರೀತೀನಿ, ನೀನು ಉತ್ರ ಬರಿ, ಬರೋ ಮಂಗಳವಾರ ಒಯ್ತೀನಿ. ಊಟ ಸೇರ್ತೈತಾ. ನಿದ್ದೆ ಹೆಂಗೆ. ಆ ದನಿ ಏನಂತೈತೆ. ಸಾಯ್ಬೇಕು ಅನ್ಸೈತಾ. ಇದನ್ನ ಹಿಂಗೇ ಮುಖ ನೋಡ್ಕಂಡೇ ಕೇಳ್ತಾರಲ್ಲೇ! "ಎಷ್ಟು ಹೊತ್ತಾದ್ರೂ ಆಗ್ಲಿ, ನಿಧಾನ ಹೇಳಿ" ಅಂತಾರೆ. ಹೊರಗೆ ಹೊಲಿಗೆ ಮಿಷನ್ ಸದ್ದು, ಒಳಗೆ ಆ ಗಡಿಯಾರ.

ಕೊನೇಗೆ, "ನಿಮ್ಮನ್ನ ಯಾರು ನೋಡ್ಕೊಳ್ತಾರೆ?" ಅಂದ್ರು. ಅಕ್ಕ ಅಂದೆ. "ಅಕ್ಕನ್ನ ಯಾರು ನೋಡ್ಕೊಳ್ತಾರೆ?" ಅಂದ್ರು. ಇದೆಂಥ ಪ್ರಶ್ನೆ ಅಂತ ನಂಗೆ ನಗು ಬಂತು. ನಕ್ಕೆ. ಬಾಳ ಹೊತ್ತು ನಕ್ಕೆ. ಮೇಡಂ ನಗ್ಲಿಲ್ಲ.

ಸೀರೆ ಇಲ್ಲೇ ಇರ್ಲಿ. ಇನ್ನೂ ಬೇಕು.

ಅಕ್ಕ


ಹರಿಹರ
೧೨-೭-೨೦೨೫

ಅಕ್ಕನಿಗೆ,

ಊಟ ಒಂದು ಹೊತ್ತು ಸೇರುತ್ತದೆ. ನಿದ್ದೆ ಬರುತ್ತದೆ, ಆದರೆ ಕಾಲು ನಡೆಯುತ್ತಿರುವಂತೆ ಅನಿಸುತ್ತದೆ. ಸಾಯಬೇಕು ಅಂತ ನನಗೆ ಅನಿಸಿಲ್ಲ. ಸೇತುವೆ ಮೇಲೆ ನಿಂತಾಗಲೂ ಅನಿಸಿರಲಿಲ್ಲ. ಯಾರೋ ಕೆಳಗೆ ನೀರಲ್ಲಿದ್ದಾರೆ, ಅವರಿಗೆ ಕೈ ಕೊಡಬೇಕು ಅಂತಷ್ಟೇ ಇತ್ತು.

ಯಾರ ದನಿ ಅಂತ ಮಾತ್ರ ಬರೆಯಲಾರೆ. ಅವ್ವನದಲ್ಲ. ಅವ್ವನ ದನಿ ನನಗೆ ನೆನಪೇ ಇಲ್ಲ.

ಇಷ್ಟು ಬರೆದ ಮೇಲೆ ಎದೆ ಹಗುರಾಯಿತು ಅಂತ ಮೇಡಂಗೆ ಹೇಳು. ತಿಂಗಳಾದ ಮೇಲೆ ಮೊದಲ ಸಲ ಇವತ್ತು ಕನ್ನಡಿ ನೋಡಿದೆ.

ಲತಾ


ವಿನೋಬನಗರ
೧೬-೭-೨೦೨೫

ಲತಾ,

ದನಿ ಕೇಳ್ತೈತೆ ಅಂದ್ರೆ ಬರೀ ಮಾತು ಸಾಲಲ್ಲ, ಮನಸ್ಸಿನ ಡಾಕ್ಟರಿಗೂ ತೋರಿಸ್ಲೇಬೇಕು ಅಂದ್ರು ಮೇಡಂ. ಅದು ದೊಡ್ಡ ಸಂಗತಿ, ಅಂಜನ್‌ಗೆ ಹೇಳು. ಇನ್ನೊಂದು, ದನಿ ಬಂದಾಗ ಕಣ್ಣಿಗೆ ಕಾಣೋ ಐದು ಸಾಮಾನಿನ ಹೆಸರು ಜೋರಾಗಿ ಹೇಳ್ಬೇಕಂತೆ. ನಾನೂ ಹೇಳಿ ನೋಡಿದೆ. ಹಂಚು, ಹಿಟ್ಟು ನಾದೋ ಕೊಣಮಿಗೆ, ಹಿಟ್ಟಿನ ಡಬ್ಬಿ, ಬಾಗ್ಲು. ಐದನೇದು ಸಿಗ್ಲಿಲ್ಲ. ನಾಲ್ಕು ವರ್ಷದಿಂದ ಒಬ್ಳೇ ಇರೋ ಮನೆ, ಐದು ಸಾಮಾನು ಕಾಣ್ಲಿಲ್ಲ ಅಂದ್ರೆ ನೋಡು.

ನೀನು ಬರೆದ ಕಾಗದ ಒಯ್ದಿದ್ದೆ. ಚೀಲದಿಂದ ತೆಗೀಲೇ ಇಲ್ಲ. ಮಾತು ತಾವೇ ಬಂದ್ವು, ಯಾರೋ ನನ್ನ ಬಾಯಾಗೆ ಕುಂತು ಆಡಿದಂಗೆ. ಎದ್ದು ಬಂದ ಮೇಲೆ ಏನು ಹೇಳಿದೆ ಅಂತ ನೆನಪಿಲ್ಲ. ಹೊರಗೆ ಮಳೆ ಬಂದು ನಿಂತಿತ್ತು, ಅದೂ ಗೊತ್ತಿಲ್ಲ.

ಅಕ್ಕ


ಹರಿಹರ
೨೪-೭-೨೦೨೫

ಅಕ್ಕನಿಗೆ,

ಕೇಳು, ನಾನು ನಿನ್ನೆ ಮೂಲೆಯ ಹಾಲಿನ ಅಂಗಡಿವರೆಗೆ ಹೋಗಿ ಬಂದೆ! ಅಂಜನ್ ಹಿಂದೆ ಹಿಂದೆ ಕಳ್ಳನ ಹಾಗೆ ಬರುತ್ತಿದ್ದರು, ನೋಡಿಯೂ ನೋಡದ ಹಾಗೆ ಇದ್ದೆ. ಬರುವ ತಿಂಗಳು ಡಾಕ್ಟರ ಹತ್ತಿರ ಹೋಗಲು ಹೆಸರು ಬರೆಸಿದ್ದಾರೆ.

ಧೈರ್ಯ ಬಂದಿದೆ, ಅದಕ್ಕೆ ಇಷ್ಟು ದಿನ ಮುಚ್ಚಿಟ್ಟದ್ದು ಬರೆಯುತ್ತೇನೆ. ಆ ದನಿ ಹೇಳುವುದು ಇಷ್ಟೇ, ಹೊಸ್ತಿಲು ದಾಟಿದ ಆ ದಿನ ಬಿಟ್ಟರೆ ಕೇಳಿದಾಗೆಲ್ಲ ಇದೇ: "ಲತಾ, ಬಾರೇ. ಕಾಲು ಸೋತ್ವು. ಬಂದು ಕೈ ಹಿಡಿಯೇ." ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಮೇಡಂಗೆ ಹೇಳು.

ಜಾಫರಣ್ಣ ಏನೋ ಅಂದರು. ಹದಿನೈದು ದಿನದಿಂದ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಸೀದಿರುತ್ತದಂತೆ. "ನಿಮ್ಮಕ್ಕ ಮಂಗಳವಾರ ಹೊಸ ಸೀರೆ ಉಟ್ಕಂಡು ಹೋಗ್ತಾರೆ, ಕರೆದ್ರೆ ತಿರುಗಲ್ಲ" ಅಂದರು. ಆರಾಮಿದ್ದೀಯಾ?

ಲತಾ


ವಿನೋಬನಗರ
೨೫-೭-೨೦೨೫

ಲತಾ,

ಜಾಫರ್‌ಗೆ ಬಾಯಿ ಜಾಸ್ತಿ. ರೊಟ್ಟಿ ಬಡಿಯೋದು ಅವನಲ್ಲ, ನಾನು.

ಆ ಮಾತು ನಿಂಗೆ ಯಾರು ಹೇಳಿದ್ರು? ಆಣೆ ಮಾಡಿ ಹೇಳು. ಆ ದನಿ ಯಾರ್ದು? ಮುಚ್ಚಬ್ಯಾಡ. ಇವತ್ತೇ ಬರಿ, ಜಾಫರ್ ಬಾಗಿಲಾಗೆ ನಿಂತಿರ್ತಾನೆ.

ಅಕ್ಕ


ಹರಿಹರ
೨೬-೭-೨೦೨೫

ಅಕ್ಕ,

ನಿನ್ನದು.

ಮೊದಲ ದಿನದಿಂದ ನಿನ್ನದೇ ದನಿ. ಅದಕ್ಕೇ ಫೋನ್ ಆಫ್ ಮಾಡಿದೆ, ಅದಕ್ಕೇ ಬರಬೇಡ ಅಂದೆ. ಬಾಗಿಲು ತೆರೆದರೆ ನೀನು ನಿಂತಿರುತ್ತೀಯ, ಬಾಯಿ ಬಿಟ್ಟರೆ ಅದೇ ಮಾತು ಬರುತ್ತದೆ ಅಂತ ಹೆದರಿಕೆ. ಸಾಕಿದವಳಿಗೆ ಹೆದರಿದೆನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆ. ನನ್ನ ತಲೆಯ ದೋಷ ಅಕ್ಕ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಲತಾ


ಹರಿಹರ
೪-೮-೨೦೨೫

ಅಕ್ಕನಿಗೆ,

ಒಂಬತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಸಿಟ್ಟಾ? ನಾನು ಆ ಮಾತು ಬರೆಯಬಾರದಿತ್ತು.

ರೊಟ್ಟಿ ನಿಲ್ಲಿಸಿದ್ದೀಯಂತೆ. ಭಾನುವಾರ ಅಂಜನ್ ಬಂದು ಕದ ಬಡಿದರೆ ತೆಗೆಯಲಿಲ್ಲವಂತೆ. ಕಿಟಕಿಯಲ್ಲಿ ಕೈ ಅಷ್ಟೇ ತೋರಿಸಿ, "ಜ್ವರ, ಹೋಗು" ಅಂತ ಬರೆದ ಚೀಟಿ ಹಿಡಿದೆಯಂತೆ. ಜ್ವರ ಬಂದವರು ಮಾತಾಡುವುದಿಲ್ಲವೇ ಅಕ್ಕ?

ಇನ್ನೊಂದು. ನಾನು ಆ ಕಾಗದ ಕಳಿಸಿದ ದಿನದಿಂದ ದನಿ ನಿಂತಿದೆ. ಬಚ್ಚಲು ಸುಮ್ಮನಿದೆ. ಕುಣಿಯಬೇಕು ನಾನು. ಆದರೆ ಮೂರು ಗಂಟೆಯಾದರೆ ನಾನೇ ಹೋಗಿ ಬಗ್ಗಿ ಆ ತೂತಿಗೆ ಕಿವಿ ಕೊಡುತ್ತೇನೆ. ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಉಸಿರಾಡುತ್ತಿರುವ ಹಾಗೆ ಅನಿಸುತ್ತದೆ. ದನಿಗಿಂತ ಇದು ಭಯ.

ಲತಾ


ಹರಿಹರ
೮-೮-೨೦೨೫

ಅಕ್ಕ,

ಇವತ್ತು ಅಂಚೆಯಲ್ಲಿ ನನ್ನ ಹೆಸರಿಗೆ ಒಂದು ಕವರ್ ಬಂತು. ಇದ್ದ ಹಾಗೆ ನಕಲು ಮಾಡುತ್ತೇನೆ.

"ಲತಾ ಅವರೇ, ಮೂರು ಮಂಗಳವಾರ ತಪ್ಪದೆ ಬಂದಿರಿ. ಆಮೇಲೆ ಎರಡು ವಾರ ಬಂದಿಲ್ಲ. ನೀವು ಕೊಟ್ಟ ನಂಬರ್ ಸ್ವಿಚ್ ಆಫ್ ಇದೆ, ಅದಕ್ಕೆ ನೀವು ಬರೆಸಿದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕೊನೆಯ ದಿನ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನೀವು ಹೇಳಿದ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ದಯವಿಟ್ಟು ಬನ್ನಿ, ಯಾವ ದಿನವಾದರೂ ಸರಿ. ಒಬ್ಬರೇ ಇರಬೇಡಿ. ಸನೋಬರ್."

ಎರಡು ತಿಂಗಳಿಂದ ನಾನು ಹಾಲಿನ ಅಂಗಡಿ ದಾಟಿಲ್ಲ. ಕವರ್ ಹಿಡಿದುಕೊಂಡು ಕನ್ನಡಿ ಮುಂದೆ ನಿಂತು, ನಾನು ಇಲ್ಲಿದ್ದೇನೆ ತಾನೇ ಅಂತ ನನ್ನನ್ನೇ ಕೇಳಿಕೊಂಡೆ.

ಅಲ್ಲಿಗೆ ಹೋದ ಲತಾ ಯಾರು? ಬಾಗಿಲಲ್ಲಿ ನಿಂತು ಅವಳು ಏನು ಹೇಳಿದಳು?

ಲತಾ


ವಿನೋಬನಗರ
೧೦-೮-೨೦೨೫

ಲತಾ,

ಹೆದರಬ್ಯಾಡ, ದೆವ್ವ ಅಲ್ಲ. ಆ ಲತಾ ನಾನೇ.

ಮೊದಲ್ನೇ ದಿನ ಮೇಡಂ ಹೆಸರು ಕೇಳಿದ್ರು. ಬಟ್ಟೆ ಒಯ್ದು ದೇವ್ರು ಕೇಳೋರು ಯಾರ ಹೆಸರು ಹೇಳ್ತಾರೆ? ಹುಷಾರಿಲ್ದೋರ ಹೆಸರು. ಹಂಗೇ ನಾನೂ ಲತಾ ಅಂದೆ. ವಯಸ್ಸು ಮೂವತ್ತಮೂರು ಅಂದೆ. ಅವರು ನನ್ನ ನರೆಗೂದ್ಲು ನೋಡಿದ್ರು, ಬರ್ಕಂಡ್ರು. ಎರಡನೇ ವಾರ ನಿನ್ನ ಸೀರೆ ಚೀಲದಿಂದ ತೆಗೆದು ಉಟ್ಕಂಡೇ ಹೋದೆ.

ನಿನ್ನ ಹೆಸರು ಹೇಳ್ಕಂಡು ಕುಂತ್ರೆ ನನ್ನ ಬಾಯಿ ಬಿಚ್ಚಿಕಂತಲ್ಲೇ. ಈ ಯಲ್ಲಕ್ಕ ಅಳಂಗಿಲ್ಲ, ಯಲ್ಲಕ್ಕ ಗಟ್ಟಿ, ಓಣಿಗೆಲ್ಲ ಗೊತ್ತು. ಲತಾ ಅತ್ರೆ ಏನು, ಹುಷಾರಿಲ್ದೋಳು, ಅಳ್ತಾಳೆ. ಅತ್ತೆ. ನಿಮ್ಮ ಭಾವ ಹೋದಾಗ ಅಳದೇ ಇದ್ದದ್ದೆಲ್ಲ ಅತ್ತೆ.

ನೀನು ಕೇಳಿದ ಆ ಮಾತು ನಾನೇ ಆಡ್ತಿದ್ದುದು. ನಾಲ್ಕು ವರ್ಷದಿಂದ ರೊಟ್ಟಿ ಮುಗಿಸಿ ಮೂರು ಗಂಟೆಗೆ ಬಚ್ಚಲಾಗೆ ಕುಂತು ಕಾಲು ತೊಳ್ಕಂತೀನಿ. ಅವಾಗ ಗೋಡೆಗೂ ಕೇಳದಂಗೆ ಅಂತಿದ್ದೆ. ಯಾರಿಗೆ ಹೇಳ್ಲಿ, ನೀರಿಗೆ ಹೇಳ್ತಿದ್ದೆ. ಜೂನ್ ಒಂಬತ್ತಕ್ಕೆ ಮಾತ್ರ ಮನೇಲಿರ್ಲಿಲ್ಲ. ಕೆರೆ ಏರಿ ಮೇಲೆ ನಿಂತಿದ್ದೆ. ಯಾಕ ಹೋಗಿದ್ದೆ ಅಂತ ಕೇಳಬ್ಯಾಡ. ಅಲ್ಲಿ ನಿಂತು ಒಂದೇ ಸಲ ಜೋರಾಗಿ ಕರೆದೆ ನಿನ್ನ.

ಅದೇ ನಿನ್ನ ಹೊಳೆಗೆ ಎಳೀತು. ಸಾಕಿದ ಕೈಯೇ ದೂಡ್ತಲ್ಲೇ ತಾಯಿ!

ಗೊತ್ತಾದ ದಿನಾನೇ ಬಾಯಿಗೆ ಬೀಗ ಹಾಕ್ಕಂಡೆ. ಮಾತಿಲ್ಲ, ಕೆಮ್ಮು ಬಂದ್ರೂ ಸೆರಗು ತುರಕ್ಕಂತೀನಿ. ನಿಂಗೆ ದನಿ ನಿಂತೈತೆ ಅಂತ ಬರೆದೀಯಲ್ಲ, ನನ್ನ ಅನುಮಾನ ನಿಜ ಆತು. ಬಾಯಿ ಮುಚ್ಚಿದ್ದಕ್ಕೇ ನೀನು ಇಷ್ಟು ಆರಾಮಾದೆ. ನಾನೇ ಇಲ್ದಿದ್ರೆ ಪೂರ್ತಿ ನೆಟ್ಟಗಾಗ್ತೀಯ. ಬಾಗಿಲಾಗೆ ನಿಂತು ಮೇಡಂಗೆ ಅಂದಿದ್ದೂ ಅದೇ, "ನಾನಿಲ್ದಿದ್ರೆ ಎಲ್ರಿಗೂ ಆರಾಮು" ಅಂತ.

ಹಂಚು ಅಂಜಿನವ್ವಂಗೆ ಕೊಟ್ಟೆ. ನಿನ್ನ ಸೀರೆ ಒಗೆದು ಮಡಚಿ ಇದರ ಜತೆ ಕಳ್ಸೀನಿ. ಇನ್ನು ಕಾಗದ ಬರಿಯಲ್ಲ. ಚೆನ್ನಾಗಿರು ನನ್ನ ಕೂಸೇ.

ಅಕ್ಕ


ನಿನ್ನ ಮನೆ ಬಾಗಿಲು, ವಿನೋಬನಗರ
೧೧-೮-೨೦೨೫

ಅಕ್ಕ,

ಬಡಿದು ಬಡಿದು ಕೈ ಕೆಂಪಾತು. ನೀನು ಒಳಗೆ ಅದೀಯ, ಕದದ ಕೆಳಗಿನ ಸಂದಿಲಿ ನಿನ್ನ ಪಾದ ಕಾಣ್ತೈತೆ, ಊದ್ಕಂಡಾವೆ. ಕರೆದ್ರೆ ಓ ಅನ್ನಲ್ಲ, ಅದಕ್ಕೇ ಬರೆದು ಒಳಗೆ ತೂರಿಸಕತ್ತೀನಿ.

ಜಾಫರಣ್ಣ ಬೆಳಿಗ್ಗೆ ಸೀರೆ ಕೊಟ್ಟ. ಒಗೆದು ಮಡಚಿದ್ದು ನೋಡಿದ್ದೇ ತಡ, ಕಾಗದ ಪೂರ್ತಿ ಓದದೇ ಅವನ ಲಗೇಜ್ ಆಟೋ ಹತ್ತಿದೆ, ಉಳಿದದ್ದು ದಾರಿಲಿ ಓದಿದೆ. ಹೊಸ್ತಿಲು ಯಾವಾಗ ದಾಟಿದೆ ಗೊತ್ತಿಲ್ಲ. ಅಂಜನ್ ಶಿಫ್ಟ್‌ನಾಗೆ ಅದಾರೆ, ಅವರಿಗೂ ಕಾಯ್ಲಿಲ್ಲ.

ಕದ ನೀನು ತೆಗಿಯಲ್ಲ ಅಂತ ಗೊತ್ತಿತ್ತು, ಅದಕ್ಕೆ ಹಿಂದಿನ ಓಣಿಗೆ ಹೋಗಿ ಮೇಡಂನ ಕರ್ಕಂಡು ಬಂದೆ. "ನಾನು ಲತಾ" ಅಂದೆ. ಅವರು ಸಟ್ಟನೆ ಎದ್ದು ನಿಂತ್ರು. "ಹಾಗಾದ್ರೆ ಅವರ ಹೆಸರೇನು?" ಅಂದ್ರು. ಮೊದಲ್ನೇ ದಿನಾನೇ ಅನುಮಾನ ಇತ್ತಂತೆ. "ಹೆಸರು ಬೇರೆ ಹೇಳೋರು ತುಂಬಾ ಜನ ಬರ್ತಾರೆ, ಅಳು ಸುಳ್ಳಲ್ಲ" ಅಂದ್ರು. ನೀನು ಅಲ್ಲಿ ಏನೇನು ಹೇಳಿದೆ ಅಂತ ಒಂದು ಮಾತು ನಂಗೆ ಹೇಳ್ಲಿಲ್ಲ. ಒಳಗೆ ಕುಂತಿದ್ದೋರಿಗೆ ಕೈ ಮುಗಿದು ನನ್ನ ಜತೆ ಓಡಿ ಬಂದ್ರು. ಇಲ್ಲೇ ಕಟ್ಟೆ ಮೇಲೆ ಕುಂತಾರೆ. ಅಂಜಿನವ್ವನೂ ಹಂಚು ಹಿಡ್ಕಂಡು ನಿಂತಾಳೆ, ವಾಪಸ್ ತಗಳ್ಳಿ ಅಂತ.

ಒಂದು ಮಾತು ಕೇಳು. ನೀನು ಬಾಯಿ ಮುಚ್ಕಂಡ್ಮೇಲೆ ನಾನು ಆರಾಮಾಗ್ಲಿಲ್ಲ. ದಿನಾ ಮೂರು ಗಂಟೆಗೆ ಬಚ್ಚಲಾಗೆ ಮಂಡಿ ಊರಿ, ಇವತ್ತಾದ್ರೂ ಕರಿಯೇ ಅಂತ ಕುಂತಿದ್ದೆ. ಆ ದನಿ ನನ್ನ ಹೊಳೆಗೆ ಕರೀಲಿಲ್ಲ ಅಕ್ಕ. ನಿನ್ನ ಹತ್ರ ಕರೀತು. ದಾರಿ ತಪ್ಪಿ ಸೇತುವೆಗೆ ಹೋದೋಳು ನಾನು, ಕರೆದದ್ದು ನಿನ್ನ ತಪ್ಪಲ್ಲ. ಅಷ್ಟು ದೂರದ ದನಿ ಹೆಂಗೆ ಕೇಳ್ತು ಅಂತ ಮೇಡಂಗೂ ಗೊತ್ತಿಲ್ಲ. ನಾನು ಡಾಕ್ಟರಿಗೆ ತೋರಿಸ್ತೀನಿ, ಮಾತ್ರೆ ನುಂಗು ಅಂದ್ರೆ ನುಂಗ್ತೀನಿ. ನೀನೂ ಬರ್ಬೇಕು. ನೀನಿಲ್ದೆ ನೆಟ್ಟಗಾಗೋ ಲತಾ ಯಾರೂ ಇಲ್ಲ.

ಬಾಯಿ ಬಿಡೇ. ಬೈಯಿ ಬೇಕಾದ್ರೆ. ಕದ ತೆಗಿಯೋ ತನಕ ಇಲ್ಲೇ ಕುಂತಿರ್ತೀನಿ.

ಲತಾ


ಇದೇ ಹಾಳೆಯ ಹಿಂದೆ
೧೧-೮-೨೦೨೫

ಕದಕ್ಕೆ ಒರಗಿ ಕುಂತೀಯ, ತೆಗೆದ್ರೆ ಒಳಗೆ ಬೀಳ್ತೀಯ. ಸರಿ ಆಚೆ.

ಮೇಡಂಗೆ ಹೇಳು, ಅವರ ಪುಸ್ತಕದಾಗೆ ಆ ಹೆಸರು ಹೊಡೆದು ಹಾಕ್ಲಿ. ಯಲ್ಲಕ್ಕ ಅಂತ ಬರ್ಕಳ್ಳಾಕೆ ಹೇಳು. ವಯಸ್ಸು ನಲವತ್ತೆಂಟು.